ಗವಿಯೊಳಗೆ ಉಳಿದ ಮಾಚ

ನಮ್ಮೂರಿನಲ್ಲಿ ಯಾರಾದರೂ ಎದುರಾದರೆ ಊಟ ಆಯ್ತಾ ಎಂದು ಕೇಳುವುದಕ್ಕೆ ಮೊದಲು ದಂಡು ಎಲ್ಲಿಗೆ ಬಂತು ಎಂದು ಕೇಳುತ್ತಾರೆ. ಎಲ್ಲಿಗೂ ಬಂದಿಲ್ಲ, ಅಲ್ಲೇ ಇದೆ ಎನ್ನುವುದು ಉತ್ತರ. ಕೇಳಿದವರು ಸಮಾಧಾನದಿಂದ ತಲೆಯಾಡಿಸಿ ಮುಂದೆ ಹೋಗುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಆ ಉತ್ತರ ಕಿವಿಗೆ ಬಿದ್ದರೆ ಅತ್ತಿಗೆಯ ಮುಖ ಬಿಗಿದುಕೊಳ್ಳುತ್ತಿತ್ತು.

ದಂಡು ಎಂದರೆ ಮೇಲಿನ ಬೀದಿಯ ಸಾವಂತ್ರಮ್ಮನವರು ಬರೆಯುತ್ತಿರುವ 'ಬಡಗಣ ದಂಡು'. ನಾನು ಹುಟ್ಟುವುದಕ್ಕೆ ಮೊದಲೇ ಶುರುವಾದ ಕಥೆ. ಈ ಊರಿನಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಅದರಲ್ಲಿ ತಮ್ಮವರು ಅಂತ ಒಬ್ಬರಿದ್ದಾರೆ. ಅಲ್ಲಿ ಅವರಿಗೆ ಆದದ್ದು ಇಲ್ಲಿ ಇವರಿಗೆ ಆಗುತ್ತದೆ. ನನ್ನವಳು ರಾಣಿಯ ಪರಿವಾರದಲ್ಲಿ ಮಜ್ಜಿಗೆ ಬಡಿಸುವ ಹೆಂಗಸು. ಐದನೆಯ ಸಂಪುಟದಲ್ಲಿ ಅವಳ ಕೈಮೇಲೆ ಬಿಸಿ ಗಂಜಿ ಚೆಲ್ಲಿತು. ಪುಸ್ತಕ ಅಚ್ಚಾಗಿ ಬಂದ ದಿನ ನನ್ನ ಮುಂಗೈಯಲ್ಲಿ ಬೊಬ್ಬೆ ಎದ್ದಿತು. ಬೆಣ್ಣೆ ಸವರಿಕೊಂಡು ಶಾಲೆಗೆ ಹೋಗಿ ಮಕ್ಕಳಿಗೆ ಮಗ್ಗಿ ಹೇಳಿಸಿದೆ. ದಂಡಿನಲ್ಲಿ ಇರುವವರು ಯಾರೂ ಊರಾಚೆಯ ಕಲ್ಲುಕಂಬ ದಾಟುವುದಿಲ್ಲ. ದಾಟಲು ಹೋದರೆ ಕಾಲು ಬರುವುದಿಲ್ಲ. ಬೇರೆ ಊರಿನಿಂದ ಬಂದ ಸೊಸೆಯಂದಿರಿಗೆ ಈ ಕಟ್ಟು ಯಾವುದೂ ಇಲ್ಲ; ಕಥೆಯಲ್ಲಿ ತಮ್ಮವರು ಅಂತ ಅವರಿಗೆ ಯಾರೂ ಇಲ್ಲ. ನಮ್ಮ ಅತ್ತಿಗೆ ಸುಗುಣ ಹಾಗೆ ಬಂದವಳು.

ಅಣ್ಣ ಚೆಲುವರಾಜನದು ಬೇಹುಗಾರ ಮಾಚ. ಏಳನೆಯ ಸಂಪುಟದ ಕೊನೆಯಲ್ಲಿ ದಂಡು ಹೊಳೆಯ ದಡಕ್ಕೆ ಬಂದು ನಿಂತಿತು. ಎದುರು ದಡದಲ್ಲಿ ಹಗೆಯ ಕೋಟೆ. ಕೋಟೆಯ ಕೆಳಗೆ ಒಂದು ಗವಿ, ಅದು ಒಳಗೆ ಎಲ್ಲಿಗೆ ಹೋಗುತ್ತದೆಂದು ನೋಡಿಕೊಂಡು ಬರಲು ಮಾಚನನ್ನು ಕಳಿಸಿದರು. ಅವನು ಸುದ್ದಿ ತಂದ ಮರುಗಳಿಗೆ ದಂಡು ಎದ್ದು ಕೋಟೆಗೆ ನುಗ್ಗಬೇಕು ಎಂದು ಸೇನಾಪತಿಯ ಆಜ್ಞೆ. ಮಾಚ ಪಂಜು ತಗ್ಗಿಸಿ ಕೆಳಗಿಳಿದ ಎನ್ನುವಲ್ಲಿಗೆ ಸಂಪುಟ ಮುಗಿಯಿತು. ಆ ದಿನ ಸಂಜೆ ಅಣ್ಣ ಅರ್ಧ ಊಟದಲ್ಲಿ ಎದ್ದು, ಕೈ ತೊಳೆದು, ಬ್ಯಾಟರಿ ತಗೊಂಡು "ಬಂದೆ" ಎಂದು ಹೊರಗೆ ಹೋದ. ಅತ್ತಿಗೆ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವಳು ಆ ತಟ್ಟೆಯನ್ನು ಮುಚ್ಚಿಟ್ಟು ಬಾಗಿಲಲ್ಲಿ ಕೂತಳು. ಅಣ್ಣ ಮರಳಲಿಲ್ಲ.

ಎಂಟನೆಯ ಸಂಪುಟ ಬರಲು ಮೂರು ವರ್ಷ ಹಿಡಿಯಿತು. ಅದು ಪೂರ್ತಿ ದಂಡಿನ ಬೀಡಿನಲ್ಲಿ ರಾಣಿ ಕೊಡುವ ಔತಣ. ಎಲೆ ಹಾಕುವುದಕ್ಕೆ ಒಂದು ಅಧ್ಯಾಯ, ಉಪ್ಪು ಬಡಿಸುವುದಕ್ಕೆ ಒಂದು ಅಧ್ಯಾಯ. ಒಂಬತ್ತನೆಯದು ಕುದುರೆಗಳ ವಂಶಾವಳಿ, ಜೀನುಗಳ ಕಸೂತಿ. ಗವಿಯ ಹೆಸರೇ ಇಲ್ಲ. ಅತ್ತಿಗೆ ಎರಡನ್ನೂ ಒಂದು ಅಕ್ಷರ ಬಿಡದೆ ಓದಿದಳು, ಯಾವುದೋ ಕುದುರೆಯ ಮುತ್ತಜ್ಜಿಯ ಸಂಗತಿ ನಡುವೆ ಮಾಚನ ಸುಳಿವು ಸಿಕ್ಕೀತೆಂದು. ಓದಿ ಮುಗಿಸಿದ ದಿನ ಪುಸ್ತಕವನ್ನು ಕಲ್ಲಿನ ಮೇಲೆ ಬಟ್ಟೆ ಒಗೆದ ಹಾಗೆ ಒಗೆದಳು. ಆಮೇಲೆ ತಾನೇ ಹಾಳೆ ಜೋಡಿಸಿ ಗೋಂದು ಹಚ್ಚಿದಳು. ಅವಳ ಅಣ್ಣಂದಿರು ಕರೆದುಕೊಂಡು ಹೋಗಲು ಬಂದರು. "ಇದ್ದಾರೋ ಇಲ್ವೋ ಗೊತ್ತಾಗದೆ ಯಾವ ಕುಂಕುಮ ಇಟ್ಕೊಂಡು ಅಲ್ಲಿಗೆ ಬರ್ಲಿ" ಎಂದು ಅವರನ್ನು ವಾಪಸು ಕಳಿಸಿದಳು.

ಊರಿನವರಿಗೆ ಈ ನಿಧಾನವೇ ಬೇಕಿತ್ತು. ಹಿಂದೆ ಹೀಗಿರಲಿಲ್ಲವಂತೆ. ಮೂರನೆಯ ಸಂಪುಟ ಕೈಗೆ ತಗೊಂಡವರು ಕೆಳಗಿಡಲಿಲ್ಲವಂತೆ, ಅಷ್ಟು ಓಟ. ಕಡವಿನ ಯುದ್ಧ ಬಂದದ್ದು ಅದರಲ್ಲೇ. ಆ ವರ್ಷ ಹೊಳೆಯಲ್ಲಿ ದೋಣಿಗಳು ಒಂದರ ಹಿಂದೆ ಒಂದು ಮಗುಚಿ, ಸೂತಕವಿಲ್ಲದ ಮನೆ ಊರಲ್ಲಿ ಉಳಿಯಲಿಲ್ಲ. ಅಂದಿನಿಂದ ಸಾವಂತ್ರಮ್ಮನವರ ಮನೆಗೆ ತುಪ್ಪ, ಹಪ್ಪಳ, ಹೊಸ ಬೆಲ್ಲ ತಪ್ಪದೆ ಹೋಗುತ್ತದೆ. ಕೊಡುವವರು ಬಾಯಿಬಿಟ್ಟು ಏನೂ ಕೇಳುವುದಿಲ್ಲ. ಔತಣ ಮುಗಿಯದಿರಲಿ ಎಂದು ಅದರರ್ಥ.

ಹತ್ತನೆಯ ಸಂಪುಟ ಬಂದದ್ದು ಹೋದ ಮಾಘದಲ್ಲಿ. ವಾಚನಾಲಯದ ಅಂಗಳದಲ್ಲಿ ವೆಂಕೋಬ ಮೇಷ್ಟ್ರು ಎಲ್ಲರಿಗೂ ಕೇಳುವಂತೆ ಓದುವುದು ವಾಡಿಕೆ. ಅತ್ತಿಗೆ ಅವರ ಓದಿಗೆ ಕಾಯಲಿಲ್ಲ. ಮೊದಲ ಪ್ರತಿ ಕಿತ್ತುಕೊಂಡ ಹಾಗೆ ತಗೊಂಡು ಬೇವಿನ ಕಟ್ಟೆಯ ಮೇಲೆ ಕೂತು ಪುಟ ತಿರುಗಿಸತೊಡಗಿದಳು. ಮೇಷ್ಟ್ರು ಪಾಯಸದ ವರ್ಣನೆ ಶುರುಮಾಡಿದ್ದರು. ಒಣದ್ರಾಕ್ಷಿ ಎಲ್ಲಿಂದ ಬಂತು, ಅದನ್ನು ತಂದ ಎತ್ತಿನ ಗಾಡಿಯ ಕೀಲು ಎಂಥ ಮರದ್ದು. ಜನ ತೂಕಡಿಸುವಷ್ಟು ನೆಮ್ಮದಿಯಾಗಿದ್ದರು. ನಾನು ಅತ್ತಿಗೆಯ ಬೆರಳನ್ನೇ ನೋಡುತ್ತಿದ್ದೆ. ಅದು ಒಂದು ಸಾಲಿನ ಮೇಲೆ ನಿಂತಿತು. ಬಗ್ಗಿ ನೋಡಿದೆ. "ಕೆಳಗೆ ಇಳಿದವನ ಮಾತು ಆಮೇಲೆ." ಅಷ್ಟೇ ಇತ್ತು. ಮುಂದಿನ ಸಾಲಿನಲ್ಲಿ ಮತ್ತೆ ಪಾಯಸ.

"ಆಮೇಲೆ ಅಂದ್ರೆ ಯಾವಾಗ?" ಎಂದು ಅತ್ತಿಗೆ ಕೇಳಿದಳು. ಮೆಲ್ಲಗೇ ಕೇಳಿದಳು. ಆದರೆ ಮೇಷ್ಟ್ರು ಓದು ನಿಲ್ಲಿಸಿದರು, ತೂಕಡಿಸುತ್ತಿದ್ದವರು ಕಣ್ಣು ಬಿಟ್ಟರು.

"ತಡ್ಕೊಳ್ಳಮ್ಮ. ಬರುತ್ತೆ, ಬರುತ್ತೆ" ಎಂದರು ಮೇಷ್ಟ್ರು. "ದೊಡ್ಡ ಕಥೆ. ಎಲ್ಲದಕ್ಕೂ ಅದರದರ ಜಾಗ ಇರುತ್ತೆ."

"ದ್ರಾಕ್ಷಿ ತಂದ ಗಾಡಿಗೆ ಜಾಗ ಇದೆ. ನನ್ನ ಗಂಡನಿಗೆ ಒಂದು ಸಾಲಿಗೆ ಜಾಗ ಇಲ್ಲ" ಎಂದು ಪುಸ್ತಕ ಮುಚ್ಚಿ ಅತ್ತಿಗೆ ಎದ್ದು ನಡೆದಳು.

ಆ ಮಧ್ಯಾಹ್ನ ಪಕ್ಕದ ಮನೆ ರತ್ನಮ್ಮ ಒಂದು ಬಟ್ಟಲು ಪಾಯಸ ತಂದರು. ಹೊಸ ಸಂಪುಟದಲ್ಲಿ ದಂಡು ಕದಲದಿದ್ದರೆ ಊರಲ್ಲಿ ಪಾಯಸ ಮಾಡುತ್ತಾರೆ. ರತ್ನಮ್ಮನ ಮಗ ಗುರುಪಾದ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಕಥೆಯಲ್ಲಿ ಅವನು ದಂಡಿನ ಮುಂದೆ ಬಾವುಟ ಹಿಡಿದು ನಿಂತವನು. ದಂಡು ಎದ್ದರೆ ಮೊದಲ ಬಾಣ ಯಾರಿಗೆಂದು ಎಲ್ಲರಿಗೂ ಗೊತ್ತಿತ್ತು. ಅತ್ತಿಗೆ ಬಟ್ಟಲು ಮುಟ್ಟಲಿಲ್ಲ.

"ರತ್ನಕ್ಕ, ನಾನು ಸಾವಂತ್ರಮ್ಮನ ಹತ್ರ ಹೋಗ್ತೀನಿ. ನಿಮಗೆ ಹೇಳ್ದೆ ಹೋಗೋಕೆ ಮನಸ್ಸಾಗ್ಲಿಲ್ಲ."

ರತ್ನಮ್ಮ ನಿಂತಲ್ಲೇ ಕೂತರು. ಅಣ್ಣ ಹೋದ ಹೊಸತರಲ್ಲಿ ಅತ್ತಿಗೆಗೆ ತುತ್ತು ಕಲೆಸಿ ತಿನ್ನಿಸಿದವರು ಅವರು. "ಹೋಗಿ ಏನು ಕೇಳ್ತೀಯ?"

"ಮಾಚನ ವಿಷಯ ಬರೀರಿ ಅಂತ."

"ಮಾಚ ಬಂದ್ರೆ ಸುದ್ದಿ ಬರುತ್ತೆ. ಸುದ್ದಿ ಬಂದ್ರೆ ದಂಡು ಏಳುತ್ತೆ. ನನ್ನ ಮಗನ ಕೈಲಿ ಗುರಾಣಿನೂ ಇಲ್ಲ ಸುಗುಣ, ಬರೀ ಬಾವುಟ ಇರೋದು." ಅವರು ಅತ್ತಿಗೆಯ ಕೈ ಹಿಡಿದುಕೊಂಡರು. "ಇನ್ನೊಂದು ಸಂಪುಟ ತಡ್ಕೋ. ಇನ್ನೊಂದೇ ಒಂದು."

"ಎಂಟಕ್ಕೂ ಹಾಗೇ ಅಂದ್ರಿ ಅಕ್ಕ. ಒಂಬತ್ತಕ್ಕೂ."

ರತ್ನಮ್ಮ ಎದ್ದರು. ಪಾಯಸದ ಬಟ್ಟಲನ್ನು ವಾಪಸು ತಗೊಂಡು ಹೋದರು. ನಮ್ಮಿಬ್ಬರ ಮನೆಗಳ ನಡುವಿನ ಹಿತ್ತಲ ಬಾಗಿಲಿಗೆ ಅವರು ಅಗುಳಿ ಹಾಕಿದ ಸದ್ದು ನಾನು ಅದೇ ಮೊದಲ ಸಲ ಕೇಳಿದ್ದು.

ಮಾರನೆಯ ಬೆಳಗ್ಗೆ ನಾವು ಮೇಲಿನ ಬೀದಿಗೆ ಹೋಗುವಷ್ಟರಲ್ಲಿ ಸಾವಂತ್ರಮ್ಮನವರ ಮನೆಯ ಎದುರು ಜಗಲಿಯ ಮೇಲೆ ಗಂಡಸರು ಕೂತಿದ್ದರು. ನಡುವೆ ಎಣ್ಣೆ ಮಿಲ್ಲಿನ ಶಿವನಂಜಪ್ಪ. ಅವರ ಇಬ್ಬರು ಮಕ್ಕಳೂ ದಂಡಿನ ಮುಂಚೂಣಿಯಲ್ಲಿದ್ದರು. ಅವರು ಎದ್ದು ಬಂದು ದಾರಿಗೆ ಅಡ್ಡ ನಿಂತು ಕೈಮುಗಿದರು.

"ಸುಗುಣಮ್ಮ, ಮನೆಗೆ ಹೋಗಿ. ಇವತ್ತು ಕೈಮುಗಿದು ಹೇಳ್ತಿದೀವಿ."

"ನಾಳೆ?"

ಶಿವನಂಜಪ್ಪ ನನ್ನ ಕಡೆ ತಿರುಗಿದರು. "ನೀನು ಈ ಊರಲ್ಲಿ ಹುಟ್ಟಿದೋಳು ಜಯಂತಿ. ನಿನಗಾದ್ರೂ ಬುದ್ಧಿ ಬೇಡ್ವಾ? ನಿನ್ನೋಳೂ ಬೀಡಿನಲ್ಲೇ ಇದಾಳೆ. ಹಗೆಯೋರು ಬೀಡಿಗೆ ನುಗ್ಗಿದ್ರೆ ಮಜ್ಜಿಗೆ ಬಡಿಸೋಳು ಅಂತ ಬಿಡ್ತಾರಾ?" ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಿತ್ತು. ಅಣ್ಣ ಬೇಕಿತ್ತು, ಬದುಕೂ ಬೇಕಿತ್ತು. ಅತ್ತಿಗೆ ನನ್ನ ಕೈ ಹಿಡಿದು ಹಿಂದಕ್ಕೆ ತಿರುಗಿಸಿ ಕರೆದುಕೊಂಡು ಬಂದಳು. ದಾರಿಯಲ್ಲಿ "ನೀನು ಬರೋದು ಬೇಡ" ಎಂದಳು. ಬರುತ್ತೇನೆ ಎಂದೆ. ಯಾಕೆ ಹಾಗೆಂದೆನೋ, ಅವಳೊಬ್ಬಳೇ ಆ ಬೀದಿಯಲ್ಲಿ ನಡೆಯುವುದನ್ನು ನೆನೆದರೆ ಆಗಲಿಲ್ಲ.

ಅಂದಿನಿಂದ ನೀರಿಗೆ ಹೋದರೆ ನಮ್ಮ ಕೊಡಕ್ಕೆ ಸರದಿ ಸಿಗುತ್ತಿರಲಿಲ್ಲ. ಹಾಲಿನವನು ಮನೆ ಮುಂದೆ ಸೈಕಲ್ ನಿಲ್ಲಿಸದೆ ಹೋಗುತ್ತಿದ್ದ. ಶಾಲೆಯಲ್ಲಿ ನನ್ನ ತರಗತಿಗೆ ಮಕ್ಕಳು ಬರಲಿಲ್ಲ. ಜಗಲಿಯ ಕಾವಲು ಮಾತ್ರ ದಿನಾ ಇತ್ತು. ಆದರೆ ಊಟದ ಹೊತ್ತಿಗೆ ಅವರೂ ಮನೆಗೆ ಹೋಗಬೇಕಲ್ಲ. ಒಬ್ಬನನ್ನು ಬಿಟ್ಟು ಉಳಿದವರು ಹೋಗುತ್ತಿದ್ದರು, ಉಳಿದವನು ಎದುರು ಬಾಗಿಲನ್ನು ನೋಡಿಕೊಂಡು ಕೂರುತ್ತಿದ್ದ. ಅಂಥ ಒಂದು ಉರಿಬಿಸಿಲಲ್ಲಿ ನಾವಿಬ್ಬರೂ ಹಿಂದಿನ ಓಣಿಯಿಂದ ಹೋಗಿ, ಬಟ್ಟೆ ಒಗೆಯುವ ಕಲ್ಲು ಹತ್ತಿ, ಕಾಂಪೌಂಡು ದಾಟಿ ಸಾವಂತ್ರಮ್ಮನವರ ಹಿತ್ತಲಿಗೆ ಇಳಿದೆವು.

ಅವರು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಸಣ್ಣ ದೇಹ. ಬಲಗೈಯ ಹೆಬ್ಬೆರಳು ಊದಿಕೊಂಡಿತ್ತು. ನಮ್ಮನ್ನು ನೋಡಿ ಬೆಚ್ಚಲಿಲ್ಲ. "ಮಾಚನ ಮನೆಯೋರಾ? ಯಾವತ್ತೋ ಬರ್ತೀರ ಅನ್ಕೊಂಡಿದ್ದೆ. ಕೂತ್ಕೊಳ್ಳಿ, ನೆಲ ತಣ್ಣಗಿದೆ" ಎಂದರು.

ಅತ್ತಿಗೆ ಕೂರಲಿಲ್ಲ. "ಒಂದು ಸಾಲು ಬರೀರಿ. ಇದ್ದಾನೆ ಅಂತಾದ್ರೂ ಬರೀರಿ, ಇಲ್ಲ ಅಂತಾದ್ರೂ ಬರೀರಿ."

"ಇಲ್ಲ ಅಂತ ಬರೀಲಾ?" ಸಾವಂತ್ರಮ್ಮ ತಲೆಯೆತ್ತಿದರು. "ಅದು ಸುಲಭ. ಮಾಚ ಕೆಳಗೇ ಸತ್ತರೆ ಸುದ್ದಿ ತರೋರು ಯಾರೂ ಇಲ್ಲ. ದಂಡು ಹೊಳೆದಡದಲ್ಲೇ ಉಳಿಯುತ್ತೆ. ಊರೆಲ್ಲ ನಿನ್ನನ್ನು ತಲೆ ಮೇಲೆ ಹೊತ್ಕೊಳ್ಳುತ್ತೆ. ಹೇಳು, ಇವತ್ತೇ ಬರೀತೀನಿ."

ನಾನು ಗೋಡೆಗೆ ಒರಗಿ ನಿಂತೆ. ಕೊನೆಗೆ ಅತ್ತಿಗೆ ಬೇಡ ಎನ್ನುವಂತೆ ತಲೆಯಾಡಿಸಿ ನೆಲದ ಮೇಲೆ ಕೂತಳು.

"ನೋಡಿದ್ಯಾ? ನಂಗೂ ಅಷ್ಟೇ" ಎಂದರು ಸಾವಂತ್ರಮ್ಮ. "ಮೂರನೇ ಸಂಪುಟ ಬರೆಯೋವಾಗ ಈ ಊರಿನೋರೇ ಬಾಗಿಲಿಗೆ ಬಂದು ಬೇಗ ಬೇಗ ಅಂತಿದ್ರು. ನಂಗೂ ಹುಮ್ಮಸ್ಸು. ಬರೆದೆ. ಕಡವಿನ ದೋಣಿಗಳಲ್ಲಿ ಒಂದರಲ್ಲಿ ನನ್ನ ಮಗ ಇದ್ದ. ಅಲ್ಲಿಂದ ಈಚೆಗೆ ನಿಧಾನ ಮಾಡಿದೆ. ಕೋಟೆ ಎದುರಿಗೆ ಬಂದ್ಮೇಲಂತೂ ಬರೀ ಎಲೆ ಹಾಕ್ತಾ ಇದೀನಿ, ಉಪ್ಪು ಬಡಿಸ್ತಾ ಇದೀನಿ. ಓದೋರಿಗೆ ಬೇಜಾರಾದ್ರೆ ಆಗ್ಲಿ. ಬೇಜಾರಿನಿಂದ ಯಾರೂ ಸಾಯಲ್ಲ."

"ರಾಜಿ ಮಾಡಿಸ್ಬಹುದಲ್ಲ" ಎಂದು ನಾನು ಕೇಳಿದೆ.

"ಬರೆದು ನೋಡಿದೀನಿ ಮಗಳೇ. ಹಾಳೆ ಮೇಲೆ ರಾಜಿ ಆಯ್ತು, ಮಾರನೇ ದಿನ ಬೆಳಗ್ಗೆ ನೋಡಿದ್ರೆ ಮಸಿ ಕಲಸಿ ಹೋಗಿತ್ತು. ಅಷ್ಟು ಹಗೆ ಬೆಳೆಸಿ, ಒಂದೇ ಪುಟದಲ್ಲಿ ಅಪ್ಪಿಕೊಂಡ್ರು ಅಂದ್ರೆ ಅದು ಸುಳ್ಳು. ಸುಳ್ಳು ಬರೆದ್ರೆ ನಿಲ್ಲಲ್ಲ."

ಅತ್ತಿಗೆ ಮೊರದ ಅಕ್ಕಿಯಿಂದ ಒಂದು ಕಲ್ಲು ಆರಿಸಿ ತೆಗೆದಳು. ಆಮೇಲೆ ಕೇಳಿದಳು: "ಅವನು ಈ ಕಡೆಗೆ ಬರ್ದೇ ಇದ್ರೆ? ಬೇರೆ ಕಡೆಯಿಂದ ಹೊರಗೆ ಬಂದು, ದಂಡಿಗೆ ಬರ್ದೆ, ಹಾಗೇ ಹೋದ್ರೆ?"

"ಮಾಚನಾ? ಅವನು ಕೊಟ್ಟ ಕೆಲಸ ಬಿಡೋನಲ್ಲ. ಹಾಗೇ ಬರೆದಿದೀನಿ ಅವನನ್ನ. ನಾಲ್ಕನೇ ಸಂಪುಟದಲ್ಲಿ ಮುರಿದ ಕಾಲಿಟ್ಕೊಂಡು ಕಾಡು ದಾಟಿ ಸುದ್ದಿ ತಂದೋನು. ಅದೂ ಸುಳ್ಳಾಗುತ್ತೆ."

"ಅದು ನೀವು ಇಳಿಸಿದ ಮಾಚ" ಎಂದಳು ಅತ್ತಿಗೆ. "ಅವನು ಕತ್ತಲೆಗೆ ಇಳಿದು ಒಂಬತ್ತು ವರ್ಷ ಆಯ್ತು. ಅಷ್ಟು ವರ್ಷ ಏನು ಯೋಚನೆ ಮಾಡಿದ ಅಂತ ನಿಮಗೆ ಗೊತ್ತಾ? ನೀವು ಕುದುರೆ ಜೀನಿಗೆ ದಾರ ಪೋಣಿಸ್ತಾ ಇದ್ರಿ. ನಂಗೆ ಗೊತ್ತು. ನಾನು ದಿನಾ ಅವನ ಜೊತೆಗೇ ಇದ್ದೆ."

ಸಾವಂತ್ರಮ್ಮ ಮೊರ ಪಕ್ಕಕ್ಕಿಟ್ಟರು. "ಹೇಳು" ಎಂದರು.

ಅತ್ತಿಗೆ ಹೇಳಿದಳು. ನಾನು ಅವಳ ಜೊತೆ ಒಂದೇ ಸೂರಿನ ಕೆಳಗೆ ಬದುಕಿದವಳು, ಆ ಮಾತುಗಳಲ್ಲಿ ಒಂದನ್ನೂ ಕೇಳಿರಲಿಲ್ಲ. ಮೊದಮೊದಲು ಅವನು ಬೇಗ ಹೋಗಬೇಕು, ಕಾಯುತ್ತಿರುತ್ತಾರೆ ಎಂದುಕೊಂಡ. ಪಂಜು ಆರಿತು, ಗೋಡೆ ಸವರಿಕೊಂಡು ನಡೆದ. ಕಲ್ಲು ನೆಕ್ಕಿ ನೀರು ಕುಡಿದ. ಆಮೇಲೆ ಯಾರಾದರೂ ಹುಡುಕಿಕೊಂಡು ಬರುತ್ತಾರೆ ಎಂದು ಒಂದು ಕಡೆ ಕೂತ. ಹೊಳೆಯ ಕೆಳಗೆ ಹಾದ ಗವಿ ಅದು. ಬೀಡಿನ ಸದ್ದು ಮೇಲಿನಿಂದ ಇಳಿಯುತ್ತಿತ್ತು. ಪಾತ್ರೆಯ ಸದ್ದು, ನಗುವ ಸದ್ದು. ಅವರು ಊಟ ಮಾಡುತ್ತಿದ್ದಾರೆ ಎಂದು ಗೊತ್ತಾಯಿತು. ಇವತ್ತು ಮುಗಿಯುತ್ತದೆ, ನಾಳೆ ಮುಗಿಯುತ್ತದೆ ಎಂದುಕೊಂಡ. ಮುಗಿಯಲಿಲ್ಲ. ಸಿಟ್ಟು ಬಂತು. ಕೂಗಿ ಗಂಟಲು ಹರಿದುಕೊಂಡ. ಸಿಟ್ಟೂ ಎಷ್ಟು ದಿನ ಇರುತ್ತದೆ? ಅದು ಹೋಯಿತು. ಸೇನಾಪತಿಯ ಮುಖ ಮರೆಯಿತು, ಆಮೇಲೆ ಬಾವುಟದ ಬಣ್ಣ ಮರೆಯಿತು. ಕೊನೆಗೆ ಅವನಲ್ಲಿ ಉಳಿದದ್ದು ಹಸಿವು ಒಂದೇ.

"ಅವನು ಹೊರಗೆ ಬಂದ್ರೆ ಬಿಸಿಲಿರೋ ಕಡೆ ಹೋಗ್ತಾನೆ ಅಮ್ಮ. ಅನ್ನ ಇರೋ ಕಡೆ ಹೋಗ್ತಾನೆ. ಸುದ್ದಿ ಹೇಳೋಕೆ ಹೋಗಲ್ಲ. ಅವನನ್ನ ಅಷ್ಟು ದಿನ ಮರೆತೋರಿಗೆ ಅವನು ಏನಂತ ಹೇಳಬೇಕು?"

ಹೊರಗೆ ಕಾಗೆ ಕೂಗುತ್ತಿತ್ತು. ಸಾವಂತ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇಷ್ಟು ನಾನು ಯೋಚಿಸ್ಲೇ ಇಲ್ಲ" ಎಂದರು. "ಬರೀತೀನಿ. ನಿಂತ್ರೆ ನಿಲ್ಲುತ್ತೆ. ಆದ್ರೆ ಒಂದು ತಿಳ್ಕೋ. ಕಥೆ ಬಿಟ್ಟು ಹೋದೋನು ಮತ್ತೆ ಕಥೆಯೊಳಗೆ ಬರೋ ಹಾಗಿಲ್ಲ. ಈ ಊರಿಗೆ ಕಾಲಿಟ್ಟರೆ ದಂಡಿಗೆ ಕಾಲಿಟ್ಟ ಹಾಗೇ."

"ಗೊತ್ತು" ಎಂದಳು ಅತ್ತಿಗೆ.

ಹಿತ್ತಲಿನಿಂದ ಬಂದವರು ಹಾಗೇ ಹೋಗಬಹುದಿತ್ತು. ಅತ್ತಿಗೆ ಎದುರು ಬಾಗಿಲು ತೆಗೆದುಕೊಂಡು ಬೀದಿಗೆ ಇಳಿದಳು. ಕಾವಲಿನವನು ಕೂಗಿದ. ಮಿಲ್ಲಿನ ಕಡೆಯಿಂದ ಶಿವನಂಜಪ್ಪ ಎಂಜಲು ಕೈಯಲ್ಲೇ ಓಡಿಬಂದರು. ನಿಮಿಷದಲ್ಲಿ ನಮ್ಮ ಸುತ್ತ ಜನ. ಯಾರೋ ಅತ್ತಿಗೆಯ ತೋಳು ಹಿಡಿದರು.

"ಏನು ಬರೆಸಿದೆ? ಹೇಳು, ಏನು ಬರೆಸಿದೆ?"

"ದಂಡು ಏಳಲ್ಲ" ಎಂದಳು ಅತ್ತಿಗೆ. "ನಿಮ್ಮ ಮಕ್ಕಳಿಗೆ ಏನೂ ಆಗಲ್ಲ."

"ಮಾಚ ಬಂದ್ಮೇಲೆ ದಂಡು ಹೇಗೆ ಏಳಲ್ಲ? ಯಾರಿಗೆ ಹೇಳ್ತೀಯ ಇದನ್ನ?" ಶಿವನಂಜಪ್ಪನವರ ಕಣ್ಣಲ್ಲಿ ನೀರಿತ್ತು, ಕೈ ಮುಷ್ಟಿಯಾಗಿತ್ತು. ಗುಂಪಿನ ಅಂಚಿನಲ್ಲಿ ರತ್ನಮ್ಮ ನಿಂತಿದ್ದರು. ಅತ್ತಿಗೆ ಅವರನ್ನು ನೋಡಿದಳು. ರತ್ನಮ್ಮ ಮುಖ ತಿರುಗಿಸಿಕೊಂಡರು. ಆ ಮುಷ್ಟಿ ಎತ್ತಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಬಾಗಿಲಲ್ಲಿ ಸಾವಂತ್ರಮ್ಮ ಬಂದು ನಿಂತರು. "ಅವಳ ಮೈ ಮುಟ್ಟಿದ್ರೆ ನಾಳೆ ಬೆಳಗ್ಗೆ ಔತಣ ಮುಗಿಸ್ತೀನಿ" ಎಂದರು. ಕೈಗಳು ಸಡಿಲವಾದವು.

ಹಾಳೆಗಳು ಪ್ರೆಸ್ಸಿಗೆ ಹೋದವು ಎಂದು ಊರಿಗೆಲ್ಲ ಗೊತ್ತಾಯಿತು. ಹನ್ನೊಂದನೆಯ ಸಂಪುಟ ಇಷ್ಟು ಬೇಗ, ಅದೂ ಕೆಲವೇ ಪುಟ ಎಂದಾಗ ಜನ ಹೆದರಿದರು. ಮೂರನೆಯದನ್ನು ಕಂಡವರಿಗೆ ಬೇಗ ಎನ್ನುವ ಮಾತಿನ ಅರ್ಥ ಒಂದೇ. ಪ್ರೆಸ್ಸು ಮುರಿದುಹಾಕೋಣ ಎಂದರು ಕೆಲವರು; ಬರೆದದ್ದು ಬರೆದಾಯಿತು, ಅಚ್ಚಿನ ಮೊಳೆ ಜೋಡಿಸದಿದ್ದರೂ ಆಗುವುದು ಆಗುತ್ತದೆ ಎಂದು ಪ್ರೆಸ್ಸಿನವನು ಬಾಗಿಲು ಹಾಕಿಕೊಂಡ. ಗಂಡುಮಕ್ಕಳಿರುವ ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ರತ್ನಮ್ಮ ಗುರುಪಾದನನ್ನು ಅಟ್ಟದ ಕೋಣೆಯಲ್ಲಿ ಹಾಕಿ ಬೀಗ ಜಡಿದು, ಕೀಲಿಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡರು. ಗೋಡೆಯಾಚೆ ಅವನು ಬಾಗಿಲು ಬಡಿಯುವುದು ನಮಗೆ ಕೇಳಿಸುತ್ತಿತ್ತು. ಅತ್ತಿಗೆ ನಿದ್ದೆ ಮಾಡಲಿಲ್ಲ. "ಅಚ್ಚಾದ ಮೇಲೆ ನಿಲ್ದೇ ಇದ್ರೆ?" ಎಂದು ನನ್ನನ್ನು ಕೇಳಿದಳು. "ಅವನು ನಾನಂದುಕೊಂಡ ಹಾಗೆ ಇರ್ದೇ ಇದ್ರೆ, ನೆಟ್ಟಗೆ ದಂಡಿಗೇ ಬಂದ್ರೆ, ಆ ಹುಡುಗನ್ನ ನಾನೇ ಕೊಂದ ಹಾಗಲ್ವಾ?"

ಪುಸ್ತಕ ಬಂದ ಬೆಳಗ್ಗೆ ವಾಚನಾಲಯದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ, ಆದರೂ ಒಂದು ಕೆಮ್ಮು ಇಲ್ಲ. ಓದು ಶುರುವಾಗುವ ಹೊತ್ತಿಗೆ ಗುರುಪಾದ ಬಂದ. ಅಟ್ಟದ ಹೆಂಚು ತೆಗೆದು ಇಳಿದು ಬಂದಿದ್ದ, ಮೊಣಕೈ ತರಚಿತ್ತು. "ಆಗೋದಾದ್ರೆ ಇಲ್ಲೇ ಆಗ್ಲಿ, ಕಿವಿಯಾರೆ ಕೇಳ್ತೀನಿ" ಎಂದು ಎಲ್ಲರ ಮುಂದೆ ನಿಂತ. ರತ್ನಮ್ಮ ಅವನನ್ನು ಹಿಂದಿನಿಂದ ಎರಡೂ ಕೈಯಲ್ಲಿ ತಬ್ಬಿ ಹಿಡಿದರು.

ಮೇಷ್ಟ್ರು ಓದಲು ಶುರುಮಾಡಿದರು. ಕತ್ತಲೆ ಬಂತು, ಒದ್ದೆ ಗೋಡೆ ಬಂತು, ಮೇಲಿನಿಂದ ಇಳಿಯುವ ಊಟದ ಸದ್ದು ಬಂತು. ಅತ್ತಿಗೆ ಅಡುಗೆಮನೆಯಲ್ಲಿ ಹೇಳಿದ ಮಾತುಗಳು ಬೇರೆ ಬಟ್ಟೆ ಉಟ್ಟು ಬಂದ ಹಾಗೆ ಒಂದೊಂದಾಗಿ ಬಂದವು. ಜನ ನೆಲ ನೋಡುತ್ತಿದ್ದರು. ಮಾಚ ಮರೆತದ್ದೆಲ್ಲ ಮರೆತಾಯಿತು. ಮುಂದೆ ಬೆಳಕು ಕಂಡಿತು ಎಂದು ಮೇಷ್ಟ್ರು ಓದಿದಾಗ ಶಿವನಂಜಪ್ಪ ಕಿವಿ ಮುಚ್ಚಿಕೊಂಡರು.

"ಮಾಚ ತೆಂಕಣ ಬಾಯಿಯಿಂದ ಹೊರಗೆ ಬಂದ. ದಂಡು ಯಾವ ಕಡೆಗಿದೆಯೆಂದು ಅವನಿಗೆ ಗಾಳಿಯಲ್ಲೇ ಗೊತ್ತಾಯಿತು. ಆ ಕಡೆ ತಿರುಗಿ ನೋಡದೆ, ಹಸಿದವನು ನಡೆಯುವ ಹಾಗೆ ನಡೆದುಹೋದ."

ಮೇಷ್ಟ್ರು ಪುಟ ತಿರುಗಿಸಿದರು. ಅದರ ಹಿಂದೆ ಏನೂ ಇರಲಿಲ್ಲ. ಎಲ್ಲರ ಕಣ್ಣೂ ಗುರುಪಾದನ ಮೇಲೆ. ಅವನು ತನ್ನ ಎದೆ ಮುಟ್ಟಿ ನೋಡಿಕೊಂಡ. ಮೊಣಕೈಯ ತರಚು ಗಾಯ ಒಂದು ಬಿಟ್ಟರೆ ಏನೂ ಆಗಿರಲಿಲ್ಲ. ರತ್ನಮ್ಮ ಅವನ ಬೆನ್ನಿಗೆ ಹಣೆಯಿಟ್ಟು ಅಲ್ಲೇ ಕುಸಿದರು.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು, "ಇಷ್ಟೇನಾ?" ಎಂದರು.

"ಒಂಬತ್ತು ವರ್ಷ ಕಾಯಿಸಿ ಇದಾ?" ಎಂದರು ಇನ್ನೊಬ್ಬರು. "ಗವಿ ಒಳಗೆ ಏನಿತ್ತು ಅಂತಾನೇ ಹೇಳ್ಲಿಲ್ಲ." ಮಾಚನಂಥವನು ಹಾಗೆ ಹೋಗುತ್ತಾನಾ, ಇದು ಸರಿಯಾಗಿ ಕೂರುವುದಿಲ್ಲ ಎಂದು ಮೇಷ್ಟ್ರೇ ಕನ್ನಡಕ ಒರೆಸುತ್ತ ಹೇಳಿದರು. ಮುಖದ ಬೆವರು ಇನ್ನೂ ಆರದ ಶಿವನಂಜಪ್ಪ, ಸಾವಂತ್ರಮ್ಮನವರ ಕೈ ಮೊದಲಿನ ಹಾಗಿಲ್ಲ ಎಂದರು. ಅಂಗಳ ತುಂಬ ಗದ್ದಲ. ಬದುಕಿದವರ ಗದ್ದಲ ಅದು. ನಾನು ಅತ್ತಿಗೆಯನ್ನು ಹುಡುಕಿದೆ. ಅವಳು ಆಗಲೇ ಹೋಗಿಯಾಗಿತ್ತು.

ಮನೆಗೆ ಬಂದಾಗ ಅವಳು ಒಂದು ಚೀಲಕ್ಕೆ ನಾಲ್ಕು ಸೀರೆ, ಅಣ್ಣನ ಎರಡು ಅಂಗಿ ತುಂಬುತ್ತಿದ್ದಳು. ಅಂಗಿಗಳನ್ನು ಮೂಗಿಗೆ ಹಿಡಿದು ನೋಡಿ ಮಡಿಸಿಟ್ಟಳು. "ತೆಂಕಲ ರಸ್ತೇಲಿ ಹೋಗ್ತೀನಿ. ಇದ್ರೆ ಸಿಗ್ತಾರೆ" ಎಂದಳು. ನನ್ನ ಮುಖ ನೋಡಿ ಕೆಲಸ ನಿಲ್ಲಿಸಿದಳು. "ನಿನ್ನ ಬಿಟ್ಟು ಹೋಗ್ತಿದೀನಿ ಜಯಂತಿ." ನಾನು ಹೋಗಿ ಬನ್ನಿ ಎಂದೆ. ಬನ್ನಿ ಎನ್ನುವ ಮಾತು ತಪ್ಪು, ಅಣ್ಣ ಈ ಊರಿಗೆ ಕಾಲಿಡುವ ಹಾಗಿಲ್ಲ ಎಂದು ಇಬ್ಬರಿಗೂ ಹೊಳೆಯಿತು.

ಹಿತ್ತಲ ಬಾಗಿಲ ಅಗುಳಿ ತೆಗೆದ ಸದ್ದಾಯಿತು. ರತ್ನಮ್ಮ ಬಾಳೆಎಲೆಯಲ್ಲಿ ಕಟ್ಟಿದ ಬುತ್ತಿ ಹಿಡಿದು ಬಂದರು. ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ, ವಾಸನೆಯಲ್ಲೇ ಗೊತ್ತಾಯಿತು. ಅದನ್ನು ಅತ್ತಿಗೆಯ ಚೀಲದ ಮೇಲಿಟ್ಟು, ಅವಳ ಕೆನ್ನೆ ಸವರಿ ಹೊರಟುಹೋದರು.

ಕಲ್ಲುಕಂಬದವರೆಗೆ ನಾನು ಜೊತೆಗೆ ಹೋದೆ. ಅಲ್ಲಿಂದ ರಸ್ತೆ ನೆಟ್ಟಗೆ ಹೊಲಗಳ ನಡುವೆ ಹೋಗುತ್ತದೆ. ಅತ್ತಿಗೆ ಕಂಬ ದಾಟಿ ನಡೆದಳು, ನಾನು ಕಂಬಕ್ಕೆ ಕೈಯೂರಿ ನಿಂತೆ. ದೂರದ ಮೋರಿಯ ಕಟ್ಟೆಯ ಮೇಲೆ ಒಬ್ಬ ಗಂಡಸು ನಮಗೆ ಬೆನ್ನು ಹಾಕಿ ಕೂತಿದ್ದ. ಕೂದಲು ಬೆನ್ನ ಮೇಲೆ ಇಳಿದಿತ್ತು, ಯಾರೆಂದು ಗೊತ್ತಾಗುವಷ್ಟು ಹತ್ತಿರವಿರಲಿಲ್ಲ. ಅತ್ತಿಗೆಯ ನಡಿಗೆ ನಿಧಾನವಾಯಿತು. ಹತ್ತಿರ ಹೋಗಿ ನಿಂತಳು. ಅವನು ಎದ್ದ. ಇಬ್ಬರೂ ಹಾಗೇ ನಿಂತಿದ್ದರು, ಮಾತಾಡಿದರೋ ಇಲ್ಲವೋ. ಆಮೇಲೆ ಅವಳು ಚೀಲ ಇಳಿಸಿ ಬುತ್ತಿ ಬಿಚ್ಚಿದಳು. ಅವನು ಅಲ್ಲೇ ರಸ್ತೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಲೆ ಬಗ್ಗಿಸಿ ತಿನ್ನತೊಡಗಿದ. ಎಡಗೈ ನೆಲಕ್ಕೆ ಊರಿ ತಿನ್ನುವ ಆ ರೀತಿ ನನ್ನ ಅಣ್ಣನದು.

ಅಣ್ಣಾ ಎನ್ನುವ ಕೂಗು ಗಂಟಲಿಗೆ ಬಂತು. ತಿರುಗಿ ನೋಡದೆ ಎಂದು ಬರೆದಾಗಿತ್ತು. ನಾನು ಕರೆದು ಅವನು ತಿರುಗಿದರೆ ಆ ಸಾಲು ಸುಳ್ಳಾಗುವುದಿಲ್ಲವೇ? ಸೆರಗನ್ನು ಬಾಯಿಗೆ ತುರುಕಿಕೊಂಡು ಕಂಬವನ್ನು ತಬ್ಬಿ ನಿಂತೆ. ಅವನು ಉಂಡು ಮುಗಿಸಿದ. ಅತ್ತಿಗೆ ಕೈಗೆ ನೀರು ಹಾಕಿದಳು. ಅವನು ಚೀಲ ಹೆಗಲಿಗೇರಿಸಿಕೊಂಡ, ಇಬ್ಬರ ಬೆನ್ನೂ ನನ್ನ ಕಡೆಗಾಯಿತು. ಸ್ವಲ್ಪ ದೂರ ಹೋದ ಮೇಲೆ ಅತ್ತಿಗೆ ನಿಂತಳು. ಆ ಸಾಲಿನಲ್ಲಿ ಅವಳ ಹೆಸರಿರಲಿಲ್ಲ. ಅವಳು ತಿರುಗಿ, ಬಿಸಿಲಿಗೆ ಕೈ ಅಡ್ಡ ಹಿಡಿದು, ಅಣ್ಣನ ಪಾಲಿನ ನೋಟವನ್ನೂ ಸೇರಿಸಿ ನನ್ನನ್ನು ನೋಡಿದಳು.